ತೌಕ್ತೆಯ ಬಲಗಡೆ ನಾವಿದ್ದೆವು

2021ರ ಮೇ 15ರ ಸಂಜೆ ಮಲ್ಪೆಯಿಂದ ಮಾವ ಫೋನ್ ಮಾಡಿದರು. "ಕಡಲು ರಸ್ತೆವರೆಗೆ ಬಂದಿದೆ ಮಾರಾಯ. ನಮ್ಮ ದೋಣಿಗಳೆಲ್ಲ ಮೊದಲೇ ದಡ ಸೇರಿವೆ. ಇನ್ನು ಅದು ನಿಮ್ಮ ಕಡೆಗೇ ಬರುವುದು, ಜಾಗ್ರತೆ" ಎಂದರು. ಆಗ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಉತ್ತರಕ್ಕೆ ಸಾಗುತ್ತಿತ್ತು. ನಾನು ಮುಂಬೈಯ ಮುಲುಂಡ್‌ನ ಮನೆಯಲ್ಲಿ ಹವಾಮಾನ ಇಲಾಖೆಯ ನಕ್ಷೆ ತೆರೆದು ಕೂತಿದ್ದೆ.

ನಕ್ಷೆಯ ಗೆರೆ ಮುಂಬೈಯನ್ನು ಮುಟ್ಟುತ್ತಲೇ ಇರಲಿಲ್ಲ. ದೂರದ ಕಡಲಲ್ಲೇ ಹಾದು ಗುಜರಾತಿಗೆ ಹೋಗುತ್ತಿತ್ತು. ಬಿಲ್ಡಿಂಗಿನವರಿಗೆಲ್ಲ ಸಮಾಧಾನ. ಹಿಂದಿನ ವರ್ಷ ಜೂನ್ 3ರಂದು ನಿಸರ್ಗ ಚಂಡಮಾರುತ ಇಲ್ಲೇ ಅಲಿಬಾಗ್ ಬಳಿ ದಡಕ್ಕೆ ಬಂದಾಗಲೇ ನಮಗೆ ಹೆಚ್ಚೇನೂ ಆಗಿರಲಿಲ್ಲ, ಅಲ್ವಾ?

ನನಗೆ ಮಾತ್ರ ಭಯ ಜಾಸ್ತಿಯಾಯಿತು. ನಮ್ಮ ಕಡೆಯ ಚಂಡಮಾರುತಗಳು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತವೆ. ಅವು ಸಾಗುವ ದಾರಿಯ ಬಲಗಡೆ, ತಿರುಗುವ ಗಾಳಿಗೆ ಸಾಗುವ ವೇಗವೂ ಸೇರಿಕೊಳ್ಳುತ್ತದೆ. ಎಡಗಡೆ ಅಷ್ಟು ಕಮ್ಮಿಯಾಗುತ್ತದೆ. ನಿಸರ್ಗ ಈಶಾನ್ಯಕ್ಕೆ ಹೋಗಿತ್ತು, ಮುಂಬೈ ಅದರ ಎಡಕ್ಕಿತ್ತು. ದೊಡ್ಡ ಪೆಟ್ಟು ತಿಂದದ್ದು ದಕ್ಷಿಣದ ಶ್ರೀವರ್ಧನ, ಹರಿಹರೇಶ್ವರದ ಕಡೆಯ ತೆಂಗು ಅಡಿಕೆ ತೋಟಗಳು. ತೌಕ್ತೆ ಹೋಗುತ್ತಿದ್ದದ್ದು ಉತ್ತರಕ್ಕೆ. ಮಲ್ಪೆಯಿಂದ ಮುಂಬೈವರೆಗೆ ಇಡೀ ಕರಾವಳಿ ಅದರ ಬಲಗಡೆ.

ಅದೇ ರಾತ್ರಿ ಮುಂಬೈಯ ಮುಲುಂಡ್, ದಹಿಸರ್, ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಕೋವಿಡ್ ಕೇಂದ್ರಗಳಿಂದ 580 ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಸಾಗಿಸಿದರು. ಆ ತಾತ್ಕಾಲಿಕ ಶೆಡ್‌ಗಳನ್ನು ನೋಡಿದವರಿಗೆ ಈ ಕೆಲಸ ಎಷ್ಟು ದೊಡ್ಡದು ಅಂತ ಗೊತ್ತು.

17ರಂದು ಬೆಳಗ್ಗೆಯೇ ಗಾಳಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕಿಟಕಿ ಗಾಜುಗಳು ಅದುರುತ್ತಿದ್ದವು. ನಮ್ಮ ರಸ್ತೆಯ ಗುಲ್‌ಮೊಹರ್ ಬುಡಸಮೇತ ಉರುಳಿತು. ವಿಮಾನ ನಿಲ್ದಾಣ ಮುಚ್ಚಿದರು. ಕೊಲಾಬಾದಲ್ಲಿ ಬಿರುಗಾಳಿ ಗಂಟೆಗೆ 114 ಕಿ.ಮೀ. ಮುಟ್ಟಿತು. ಮರುದಿನ ಬೆಳಗ್ಗೆ ನೋಡಿದರೆ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 230 ಮಿ.ಮೀ. ಮಳೆ, ಅದೂ ಮೇ ತಿಂಗಳಲ್ಲಿ. ಚಂಡಮಾರುತದ ಕಣ್ಣು ಮಾತ್ರ ನಮ್ಮಿಂದ ನೂರು ಕಿಲೋಮೀಟರಿಗೂ ದೂರದಲ್ಲೇ ಹಾದುಹೋಗಿತ್ತು.

ಅದು 17ರ ರಾತ್ರಿಯೇ ಗುಜರಾತಿನಲ್ಲಿ ದಡಕ್ಕೆ ಬಂತು. ಅಷ್ಟರೊಳಗೆ ಮುಂಬೈ ಎದುರಿನ ಕಡಲಲ್ಲಿ, ತೈಲಬಾವಿಗಳ ಹತ್ತಿರ, ಪಿ-305 ಎಂಬ ಬಾರ್ಜ್, ಅಂದರೆ ಕೆಲಸಗಾರರು ಉಳಿದುಕೊಳ್ಳುವ ಚಪ್ಪಟೆ ತಳದ ದೊಡ್ಡ ನೌಕೆ, ಮುಳುಗಿತ್ತು. ಅದರಲ್ಲಿ 261 ಜನರಿದ್ದರು. ನೌಕಾಪಡೆಯ ಯುದ್ಧನೌಕೆ ಐಎನ್‌ಎಸ್ ಕೊಚ್ಚಿಯ ನಾವಿಕರು ಆ ಅಲೆಗಳ ನಡುವೆಯೇ ಹುಡುಕಿ ಹುಡುಕಿ ಜನರನ್ನು ಮೇಲೆತ್ತಿದರು. ಆದರೂ 70ಕ್ಕೂ ಹೆಚ್ಚು ಜನ ಸತ್ತರು. ಮಲ್ಪೆಯ ದೋಣಿಗಳು ದಡಕ್ಕೆ ಬಂದದ್ದು ಯಾವ ಎಚ್ಚರಿಕೆ ಕೇಳಿಯೋ, ಅದು ಕಡಲಲ್ಲಿದ್ದ ಎಲ್ಲರಿಗೂ ಹೋಗಿತ್ತು. ದಿನಗಳ ಮೊದಲೇ ಹೋಗಿತ್ತು. ಅಷ್ಟು ಜನರನ್ನು ಯಾಕೆ ದಡಕ್ಕೆ ಕರೆತರಲಿಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.