ಅಟ್ಟದ ಗೊಂಬೆಗಳು ಲಾರಿ ಹತ್ತುವ ಮುನ್ನ

ಆಷಾಢ ಮುಗಿಯಲಿ ಎಂದು ಕಾದು, ಶ್ರಾವಣದ ಜಿಟಿಜಿಟಿ ಮಳೆಯಲ್ಲೇ ಮೈಸೂರಿನ ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೊರಟೆವು. ಸಾಮಾನು ಕಟ್ಟುವ ದಿನ ಮೊದಲು ಕೆಳಗಿಳಿಸಿದ್ದು ಅಟ್ಟದ ಮೇಲಿದ್ದ ದಸರಾ ಗೊಂಬೆಗಳ ಕಬ್ಬಿಣದ ಟ್ರಂಕುಗಳನ್ನು. "ಇದು ಪ್ಯಾಕ್ ಆಗೇ ಇದೆಯಲ್ಲಮ್ಮ, ಹಾಗೇ ಗಾಡಿಗೆ ಹಾಕ್ಬಿಡ್ತೀವಿ" ಎಂದ ಲೋಡಿಂಗ್ ಹುಡುಗ.

ಹಾಗೇ ಹಾಕಬಾರದು. ಅಟ್ಟಕ್ಕೆ ಕಟ್ಟುವುದೇ ಬೇರೆ, ದಾರಿಗೆ ಕಟ್ಟುವುದೇ ಬೇರೆ. ಅಟ್ಟದಲ್ಲಿ ಗೊಂಬೆಗೆ ಕಾಟ ಕೊಡುವುದು ತೇವ, ಇಲಿ, ಹುಳ. ಅದಕ್ಕೆ ಹಳೇ ಪಂಚೆಯ ಬಟ್ಟೆ, ಒಣಗಿದ ಬೇವಿನ ಸೊಪ್ಪು ಸಾಕು. ಆದರೆ ವಿಜಯದಶಮಿ ಮುಗಿದ ಮೇಲೆ ಸುತ್ತಿಟ್ಟ ಬಟ್ಟೆ ಇಷ್ಟು ತಿಂಗಳಲ್ಲಿ ತನ್ನ ಭಾರಕ್ಕೇ ಕುಸಿದು, ಗೊಂಬೆಗಳ ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟಿರುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಸುಮಾರು 145 ಕಿಲೋಮೀಟರ್. ಹೆದ್ದಾರಿ ನುಣ್ಣಗಿದ್ದರೂ ಎರಡೂ ಊರಿನ ಒಳರಸ್ತೆಗಳಲ್ಲಿ ಹಂಪು, ಗುಂಡಿ ತಪ್ಪಿದ್ದಲ್ಲ. ಗಾಡಿ ಕುಕ್ಕಿದಾಗಲೆಲ್ಲ ಗೊಂಬೆ ಆ ಸಣ್ಣ ಜಾಗದಲ್ಲಿ ಎಗರಿ ಪಕ್ಕದ ಗೊಂಬೆಗೋ ಟ್ರಂಕಿನ ತಗಡಿಗೋ ಬಡಿಯುತ್ತದೆ. ತಗಡು ಪೆಟ್ಟನ್ನು ನುಂಗುವುದಿಲ್ಲ, ಹಾಗೇ ಒಳಗೆ ದಾಟಿಸುತ್ತದೆ. ಟ್ರಂಕುಗಳನ್ನು ಖಾಲಿ ಮಾಡಿ ಎಲ್ಲವನ್ನೂ ಹೊಸದಾಗಿ ಕಟ್ಟುವುದೇ ಸರಿ. ನಾವು ಹಾಗೇ ಮಾಡಿದೆವು.

ಮೊದಲು ಚಾಪೆಯ ಮೇಲೆ ಜಾತಿವಾರು ಬೇರ್ಪಡಿಸಬೇಕು. ಚನ್ನಪಟ್ಟಣದ ಮರದ ಗೊಂಬೆಗಳು ಗಟ್ಟಿ. ಒಂದಕ್ಕೊಂದು ಉಜ್ಜಿ ಅರಗಿನ ಹೊಳಪು ಗೀಚದಂತೆ ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿದರೆ ಆಯಿತು. ಪಟ್ಟದ ರಾಜ ರಾಣಿಯರದೂ ಮರದ ಮೈಯೇ, ಆದರೆ ಮಣಿಸರ ಕಿತ್ತು ಬರುವುದರಿಂದ ಒಡವೆ ಬಿಚ್ಚಿ ಬೇರೆ ಡಬ್ಬಿಯಲ್ಲಿಡಬೇಕು. ಕಾಗದದ ತಿರುಳಿನ ಗೊಂಬೆಗಳು ಬಿದ್ದರೆ ಒಡೆಯುವುದಕ್ಕಿಂತ ಭಾರ ಬಿದ್ದರೆ ನಜ್ಜಾಗುವುದೇ ಹೆಚ್ಚು, ಅವು ಮೇಲಿನ ಪೆಟ್ಟಿಗೆಗೆ. ನಿಜವಾದ ಕೆಲಸ ಇರುವುದು ಮಣ್ಣಿನ ಗೊಂಬೆಗಳದು.

ಒಂದು ಗೇಣೆತ್ತರದ ವೀಣೆ ಹಿಡಿದ ಸರಸ್ವತಿಯನ್ನೇ ತೆಗೆದುಕೊಳ್ಳಿ. ಮುರಿಯುವುದು ಮೂರೇ ಕಡೆ: ವೀಣೆಯ ದಂಡಿ, ಬೆರಳು, ಕಿರೀಟದ ತುದಿ. ಒಣ ಕುಂಚದಿಂದ ಧೂಳು ಕೊಡವಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣವೇ ಎದ್ದು ಬರುತ್ತದೆ. ಆಮೇಲೆ ವೀಣೆಗೂ ಎದೆಗೂ ನಡುವಿನ ಸಂದಿಗೆ, ಕತ್ತಿನ ಸುತ್ತ, ಕೈಮಡಿಕೆಯ ಒಳಗೆ ಹತ್ತಿಯ ಸಣ್ಣ ಉಂಡೆಗಳನ್ನು ತೂರಿಸಬೇಕು. ಒತ್ತಬಾರದು, ಜಾಗ ತುಂಬಿದರೆ ಸಾಕು. ಇಡೀ ಗೊಂಬೆ ಒಂದೇ ದಪ್ಪ ಆಕಾರಕ್ಕೆ ಬಂತೆಂದರೆ ಮೇಲೆ ಸುತ್ತುವ ಬಟ್ಟೆಯ ಬಿಗಿ ದಂಡಿಯ ಮೇಲೆ ಬೀಳುವುದಿಲ್ಲ. ಈ ಹೆಜ್ಜೆ ಬಿಟ್ಟು ನೇರವಾಗಿ ಬಿಗಿದು ಸುತ್ತಿದವರ ಕೈಯಲ್ಲೇ ವೀಣೆ ಮುರಿಯುವುದು, ಲಾರಿಯಲ್ಲಲ್ಲ.

ನಂತರ ಮೆತ್ತನೆಯ ಹಳೇ ಹತ್ತಿ ಸೀರೆಯ ತುಂಡು, ಅದರ ಮೇಲೆ ಬಬಲ್ ರ‍್ಯಾಪ್ ಎರಡು ಸುತ್ತು, ಗುಳ್ಳೆ ಹೊರಮುಖವಾಗಿ. ಪ್ಲಾಸ್ಟಿಕ್ಕು ಬಣ್ಣಕ್ಕೆ ನೇರ ತಾಗಿದರೆ ಮಳೆಗಾಲದ ತೇವಕ್ಕೆ ಗುಳ್ಳೆಗಳ ದುಂಡು ಗುರುತು ಉಳಿದುಬಿಡಬಹುದು. ಟೇಪಿನ ತುದಿಯನ್ನು ಒಂದಿಷ್ಟು ಮಡಚಿ ಬಿಡಿ. ಬಿಚ್ಚುವಾಗ ಬ್ಲೇಡು ಹಾಕುವ ಪ್ರಮೇಯವೇ ಬರುವುದಿಲ್ಲ.

ಪೆಟ್ಟಿಗೆ ಐದು ಪದರದ್ದು, ಅಂದರೆ ಫೈವ್ ಪ್ಲೈ ಆಗಿರಲಿ. ತಳದ ಸೀಳಿಗೆ ಉದ್ದಕ್ಕೂ, ಎರಡು ಅಂಚಿಗೆ ಅಡ್ಡಕ್ಕೂ ಟೇಪು ಹಾಕಬೇಕು. ಕೆಳಗೆ ಮೂರು ಇಂಚು, ಪಕ್ಕಕ್ಕೆ ಎರಡು ಇಂಚು ಮುದುಡಿದ ಕಾಗದ. ಗೊಂಬೆಯನ್ನು ಪೀಠದ ಮೇಲೆ ನೆಟ್ಟಗೆ ನಿಲ್ಲಿಸಿ, ನಡುನಡುವೆ ರಟ್ಟಿನ ಅಡ್ಡಗೋಡೆ ಕೊಡಬೇಕು. ಹಳೇ ದಿನಪತ್ರಿಕೆ ತುಂಬುವುದಕ್ಕೆ ಒಳ್ಳೆಯದು, ಸುತ್ತುವುದಕ್ಕಲ್ಲ, ಮಸಿ ಬಣ್ಣಕ್ಕೆ ಹತ್ತುತ್ತದೆ. ತೂಕ 12 ಕಿಲೋ ದಾಟದಿರಲಿ. ಮುಚ್ಚಿ, ಎರಡೂ ಕೈಯಲ್ಲಿ ಮೆಲ್ಲಗೆ ಅಲುಗಿಸಿ ಕಿವಿಗೊಡಿ. ಟಕ್ ಎಂದರೂ ಬಿಚ್ಚಿ ಮತ್ತೆ ತುಂಬಬೇಕು. ಹಾಗೆಂದು ಮುಚ್ಚಳ ಉಬ್ಬುವಷ್ಟು ಗಿಡಿಯಬಾರದು. ಮೇಲಿಟ್ಟ ಪೆಟ್ಟಿಗೆಯ ಭಾರ ನೇರ ಕಿರೀಟಕ್ಕೇ ಇಳಿಯುತ್ತದೆ.

ಗೊಂಬೆ ಕಟ್ಟಲು ಕಲಿತವರಿಗೆ ಅಡುಗೆಮನೆ ಕಷ್ಟವಲ್ಲ. ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಬೇಕು. ಮಲಗಿಸಿದರೆ ಮೇಲಿನವುಗಳ ಭಾರವೆಲ್ಲ ಕೆಳಗಿನ ತಟ್ಟೆಯ ನಡುಮಧ್ಯಕ್ಕೆ ಕುಕ್ಕುತ್ತದೆ. ಗಾಜಿನ ಲೋಟದೊಳಗೆ ಕಾಗದ ತುಂಬಬೇಕೇ ಹೊರತು ಇನ್ನೊಂದು ಲೋಟವನ್ನಲ್ಲ. ಉಪ್ಪಿನಕಾಯಿ ಜಾಡಿಯನ್ನು ಖಾಲಿ ಮಾಡಿ, ತೊಳೆದು, ಪೂರಾ ಒಣಗಿಸಿ, ಮುಚ್ಚಳ ಬೇರೆಯಾಗಿ ಸುತ್ತಬೇಕು. ಮುಚ್ಚಳ ಜಾಡಿಯ ಮೇಲೇ ಇದ್ದರೆ ದಾರಿಯುದ್ದಕ್ಕೂ ಕುಟ್ಟಿ ಎರಡರ ಬಾಯಿಯೂ ಚಕ್ಕೆ ಏಳುತ್ತದೆ.

ಗಾಜು ಹಾಕಿಸಿದ ದೇವರ ಪಟಗಳಿಗೆ ಮಾಸ್ಕಿಂಗ್ ಟೇಪನ್ನು ಕತ್ತರಿ ಆಕಾರದಲ್ಲಿ ಅಂಟಿಸುವುದು ಒಡೆಯುವುದನ್ನು ತಡೆಯಲಿಕ್ಕಲ್ಲ. ಒಡೆದರೆ ಚೂರು ಜಾರಿ ಚಿತ್ರ ಗೀಚದಿರಲಿ ಎಂದು. ಮೈಸೂರು ಶೈಲಿಯ ಚಿತ್ರಕ್ಕೆ ಇದು ಬಹಳ ಮುಖ್ಯ, ಏಕೆಂದರೆ ಅದರ ಗೆಸ್ಸೊ ಎಂಬ ಲೇಪದ ಉಬ್ಬು, ಚಿನ್ನದ ರೇಕು ಒಮ್ಮೆ ಕೆರೆದರೆ ಮತ್ತೆ ಕೂರಿಸುವುದು ಸುಲಭವಲ್ಲ. ಎರಡೆರಡು ಪಟ ಗಾಜಿಗೆ ಗಾಜು ಎದುರಾಗಿ, ನಡುವೆ ರಟ್ಟು, ಮೂಲೆಗಳಿಗೆ ಮಡಚಿದ ರಟ್ಟು. ಲಾರಿಯಲ್ಲಿ ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ಹಾಸಿಗೆಗೆ ಒರಗಿಸಬೇಕು. ಟಿವಿಯೂ ಹಾಗೇ ನಿಂತೇ ಬರಲಿ.

ಗಾಡಿಯ ಹಿಂತುದಿಯೇ ಹೆಚ್ಚು ಕುಣಿಯುವುದು. ಬೀರು, ಫ್ರಿಜ್ಜು, ಗ್ರೈಂಡರಿನ ಕಲ್ಲು ಡ್ರೈವರ್ ಕ್ಯಾಬಿನ್ನಿನ ಬೆನ್ನಿಗೆ ಬಿಗಿದ ಮೇಲೆ ಒಡೆಯುವ ಪೆಟ್ಟಿಗೆಗಳಿಗೆ ಅವುಗಳ ಪಕ್ಕದಲ್ಲೇ, ಗಾಡಿಯ ನಡುಭಾಗದಲ್ಲಿ ಜಾಗ ಕೊಡಬೇಕು. ಮಳೆಗೆ ಟಾರ್ಪಾಲು ಮೇಲೆ ಹೊದಿಸುವುದನ್ನು ಎಲ್ಲರೂ ಮಾಡುತ್ತಾರೆ, ಕೆಳಗೆ ಹಾಸುವುದನ್ನು ಮರೆಯುತ್ತಾರೆ. ತಳದ ರಟ್ಟು ನೆನೆದರೆ ಮೆತ್ತಗಾಗಿ, ಮೇಲಿನ ಸಾಲೆಲ್ಲ ಕುಸಿಯುತ್ತದೆ. ಗುರುತು ನಾಲ್ಕೂ ಬದಿಗೆ ಇರಲಿ, ಮೇಲೆ ಮಾತ್ರ ಬರೆದರೆ ಪೇರಿಸಿದಾಗ ಕಾಣುವುದಿಲ್ಲ. ಹೊರುವವರು ಹಿಂದಿಯೋ ಒಡಿಯಾನೋ ಓದುವವರಾಗಿರಬಹುದು, ಅದಕ್ಕೆ ದೊಡ್ಡ ಲೋಟದ ಚಿತ್ರ, ಮೇಲ್ಮುಖದ ಬಾಣ ಬರೆದೆವು. ಹಾಲು ಉಕ್ಕಿಸುವ ಪಾತ್ರೆ, ಮನೆದೇವರ ಪಟ ಕಾರಿನಲ್ಲಿ ನಮ್ಮ ಜೊತೆಗೇ ಬಂದವು.

ಇಳಿಸಿದ ಮೇಲೆ ನೆಲಕ್ಕೆ ಜಮಖಾನೆ ಹಾಸಿ ಬಿಚ್ಚಬೇಕು. ಸುತ್ತಿದ್ದ ಹತ್ತಿ, ಕಾಗದವನ್ನು ಕೈಯಲ್ಲಿ ಹಿಸುಕಿ ನೋಡದೆ ಎಸೆಯಬಾರದು. ಕಳಚಿದ ಬೆರಳಿನ ತುಂಡು ಅದರಲ್ಲೇ ಇರುತ್ತದೆ. ಬಬಲ್ ರ‍್ಯಾಪನ್ನು ಅವತ್ತೇ ಬಿಚ್ಚಿ ತೆಗೆದು, ಗೊಂಬೆಯನ್ನು ಬಟ್ಟೆಯಲ್ಲಷ್ಟೇ ಇಡಬೇಕು, ಇಲ್ಲದಿದ್ದರೆ ಒಳಗೆ ಸಿಕ್ಕ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ತುಂಡಾದದ್ದೇನಾದರೂ ಸಿಕ್ಕರೆ ಪುಟ್ಟ ಪೊಟ್ಟಣದಲ್ಲಿ ಕಟ್ಟಿ ಆ ಗೊಂಬೆಯ ಕಾಲಬಳಿಯೇ ಇಡಿ. ಬಿಡುವಾದಾಗ ಮುರಿದ ಅಂಚಿನ ಪುಡಿ ಕೊಡವಿ, ಫೆವಿಕಾಲ್ ತೆಳುವಾಗಿ ಸವರಿ ಜೋಡಿಸಿ, ಬೆಸುಗೆಯ ಮೇಲೆ ಭಾರ ಬೀಳದಂತೆ ಗೊಂಬೆಯನ್ನು ಮರಳು ತುಂಬಿದ ತಟ್ಟೆಯಲ್ಲಿ ಓರೆಯಾಗಿ ಊರಿ ಒಂದು ದಿನ ಬಿಡಬೇಕು. ಬಣ್ಣ ಅದಾದ ಮೇಲೆ.