ರೈಸ್ ಕುಕ್ಕರ್ ‘ಟಕ್’ ಅನ್ನೋದು ಹೇಗೆ?

ಸಾದಾ ಎಲೆಕ್ಟ್ರಿಕ್ ಕುಕ್ಕರಿನ ಒಳಪಾತ್ರೆ ಎತ್ತಿ ನೋಡಿ. ಕಾಯುವ ತಟ್ಟೆಯ ನಡುವೆ ಒತ್ತಿದರೆ ತಗ್ಗಿ ಮತ್ತೆ ಏಳುವ ಒಂದು ಗುಂಡಿ ಇರುತ್ತದೆ. ಅನ್ನ ಆಯಿತೋ ಇಲ್ಲವೋ ತೀರ್ಮಾನಿಸುವುದು ಅದೇ. ಅದರೊಳಗೆ ಒಂದು ಫೆರೈಟ್ (ಕಬ್ಬಿಣದ ಆಕ್ಸೈಡ್ ಇರುವ ಪಿಂಗಾಣಿಯಂಥ ವಸ್ತು) ಬಿಲ್ಲೆ, ಕೆಳಗೆ ಸ್ಪ್ರಿಂಗ್ ಮತ್ತು ಅಯಸ್ಕಾಂತ. ಲಿವರ್ ಒತ್ತಿದಾಗ ಅಯಸ್ಕಾಂತ ಬಿಲ್ಲೆಗೆ ಕಚ್ಚಿಕೊಂಡು ಕರೆಂಟ್ ಹರಿಯುತ್ತದೆ.

ಫೆರೈಟ್ ಕಬ್ಬಿಣದಂತೆಯೇ ಅಯಸ್ಕಾಂತಕ್ಕೆ ಅಂಟಿದರೂ ಒಳಲೆಕ್ಕ ಬೇರೆ. ಹರಳಿನ ಎರಡು ಬಗೆಯ ಜಾಗಗಳಲ್ಲಿ ಕೂತ ಅಯಾನುಗಳ ಕಾಂತತ್ವ ಎದುರುಬದುರು ದಿಕ್ಕಿಗಿರುತ್ತದೆ. ಎರಡೂ ಸಮ ಇಲ್ಲದ್ದರಿಂದ ಕಳೆದು ಉಳಿದದ್ದು ನಮಗೆ ದಕ್ಕುತ್ತದೆ. ಇದೇ ಫೆರಿಮ್ಯಾಗ್ನೆಟಿಸಂ, 1948ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಲೂಯಿ ನೇಲ್ ವಿವರಿಸಿದ್ದು. ಕ್ಯೂರಿ ಉಷ್ಣತೆ ಎಂಬ ಮಿತಿ ದಾಟಿದರೆ ಈ ಶಿಸ್ತು ಕೆಟ್ಟು, ಅಯಸ್ಕಾಂತಕ್ಕೆ ಅಂಟುವುದು ನಿಲ್ಲುತ್ತದೆ. ಕಬ್ಬಿಣಕ್ಕೆ ಅದು 770 ಡಿಗ್ರಿ, ಅಡುಗೆಮನೆಗೆ ನಿರುಪಯೋಗಿ. ಫೆರೈಟಿನಲ್ಲಿ ಸತುವಿನ ಪ್ರಮಾಣ ಹೊಂದಿಸಿ ಅದನ್ನು 103 ಡಿಗ್ರಿಯ ಆಸುಪಾಸಿಗೆ ಇಳಿಸಿರುತ್ತಾರೆ.

ಮೈಸೂರಿನ ಎತ್ತರದಲ್ಲಿ ನೀರು ಕುದಿಯುವುದು 97 ಡಿಗ್ರಿ ಚಿಲ್ಲರೆಗೆ. ನೀರಿರುವ ತನಕ ಪಾತ್ರೆಯ ತಳ ಅದಕ್ಕಿಂತ ಹೆಚ್ಚು ಮೇಲೇರುವುದಿಲ್ಲ. ನೀರು ಇಂಗಿದ ಮೇಲೆ ಬಿಸಿ ಸರಸರ ಏರಿ, ಬಿಲ್ಲೆ ಹಿಡಿತ ಬಿಟ್ಟು, ಸ್ಪ್ರಿಂಗ್ ಅಯಸ್ಕಾಂತವನ್ನು ಕೆಳಕ್ಕೆಳೆಯುತ್ತದೆ. ಆದ ತಕ್ಷಣ ಮತ್ತೆ ಒತ್ತಿದರೆ ಲಿವರ್ ನಿಲ್ಲದಿರುವುದೂ ಇದಕ್ಕೇ, ಬಿಲ್ಲೆ ಆರಬೇಕು.

ಬಿಸಿಬೇಳೆಬಾತಿಗೆ ಮಾತ್ರ ಈ ಉಪಾಯ ಸರಿಬರುವುದಿಲ್ಲ. ಬೇಳೆ ತಳ ಹಿಡಿದ ಜಾಗ ಒಣಗಿ, ಮೇಲೆ ನೀರಿದ್ದರೂ ಟಕ್ ಅನ್ನುತ್ತದೆ. ಬಿಸಿನೀರು ಹಾಕಿ ತಳದಿಂದ ಕೆದಕಿ, ಐದು ನಿಮಿಷ ಬಿಟ್ಟು ಒತ್ತಿ. ಒಗ್ಗರಣೆ ಬೇರೆ ಬಾಣಲೆಯಲ್ಲೇ ಆಗಲಿ, ಎಣ್ಣೆ 103ಕ್ಕೆ ನಿಲ್ಲುವುದಿಲ್ಲ.

ಮಂಡ್ಯ ಕಡೆಯ ಹೊಸ ಅಕ್ಕಿಯ ಗಂಜಿ ಉಕ್ಕಿ ಕೆಳಗಿಳಿಯುವುದು ಮುಖ್ಯ ಕಾಯಿಲೆ. ಅದು ಒಣಗಿ ಗುಂಡಿ ತಗ್ಗಿಯೇ ಕೂತರೆ, ಪಾತ್ರೆಗೆ ತಾಗದೆ ತಟ್ಟೆಯ ಬಿಸಿಗೇ ಲಿವರ್ ಬೇಗ ಬೀಳುತ್ತದೆ, ಅನ್ನ ಅರೆಬೆಂದಿರುತ್ತದೆ. ಅಯಸ್ಕಾಂತವನ್ನು ಲಿವರಿಗೆ ಜೋಡಿಸುವ ಕೆಳಗಿನ ಸರಳಿಗೆ ಗಂಜಿ ಹತ್ತಿದರೆ ಉಲ್ಟಾ: ಅಯಸ್ಕಾಂತ ಬಿಟ್ಟರೂ ಇಳಿಯದೆ ಅನ್ನ ಸೀಯುತ್ತದೆ. ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಗುಂಡಿಯನ್ನು ಹತ್ತಾರು ಸಲ ಒತ್ತಿ ಬಿಡಿ.

ಪರೀಕ್ಷೆಗೆ ಅಕ್ಕಿ ಬೇಡ, 100 ಎಂಎಲ್ ನೀರು ಸಾಕು. ನೀರು ಇಂಗಿದ ಒಂದೆರಡು ನಿಮಿಷದೊಳಗೆ ಲಿವರ್ ಬೀಳಬೇಕು. ತಣ್ಣಗಿದ್ದಾಗಲೂ ಲಿವರ್ ನಿಲ್ಲದಿದ್ದರೆ ಬಿಲ್ಲೆ ಒಡೆದಿರಬಹುದು; ಪಿಂಗಾಣಿ ಜಾತಿಯದು, ಸುತ್ತಿಗೆ ತಾಗಿಸಬೇಡಿ. ಹೊಸ ಗುಂಡಿ ತರುವಾಗ ಹಳೆಯದನ್ನೂ ಒಯ್ದು ಎತ್ತರ, ಡಿಗ್ರಿ ಎರಡೂ ಹೊಂದಿಸಿ. ಲಿವರಿಗೆ ಚಮಚ ಸಿಕ್ಕಿಸಿ ಓಡಿಸಿದರೆ ಥರ್ಮಲ್ ಫ್ಯೂಸೂ (ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಫ್ಯೂಸ್) ಹೋಗುತ್ತದೆ.