ಅಳಿಸಬಾರದಿದ್ದ ಸಾಲುಗಳು

ನನ್ನ ಕೆಲಸ ಮರ ಅಳೆಯುವುದು. ಹಿಂದೆ ಕಡಿದು ಹೊಲವೋ ಹುಲ್ಲುಗಾವಲೋ ಮಾಡಿ, ಆಮೇಲೆ ಬಿಟ್ಟುಹೋದ ಜಾಗದಲ್ಲಿ ತಾನಾಗಿ ಮತ್ತೆ ಎದ್ದ ಉಷ್ಣವಲಯದ ಕಾಡು ಇರುತ್ತದಲ್ಲ, ನಾವು ಸೆಕೆಂಡರಿ ಕಾಡು ಅನ್ನುವುದು, ಅಲ್ಲಿ. ಪ್ಲಾಟು ಹಾಕುತ್ತೇವೆ, ಅಂದರೆ ಅಳೆಯಲು ಕಾಡಿನ ಒಂದು ತುಂಡನ್ನು ಗಡಿ ಹಾಕಿ ಗುರುತಿಸುತ್ತೇವೆ. 10 ಸೆಂ.ಮೀ.ಗಿಂತ ದಪ್ಪ ಇರುವ ಪ್ರತಿ ಮರಕ್ಕೂ ಅಲ್ಯೂಮಿನಿಯಂ ಟ್ಯಾಗು ಹೊಡೆಯುತ್ತೇವೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ವ್ಯಾಸ ಬರೆದುಕೊಳ್ಳುತ್ತೇವೆ. ಕೆಲವು ವರ್ಷ ಬಿಟ್ಟು ಹೋಗಿ ಮತ್ತೆ ಅದೇ ಮರ, ಅದೇ ಜಾಗ, ಅದೇ ಅಳತೆ. ಕೇಳಲಿಕ್ಕೆ ಇಷ್ಟೇ. ಆದರೆ ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅದನ್ನು ಹೇಳಬೇಕು ಅನ್ನಿಸಿತು.

ಎರಡನೇ ಗಣತಿ ಮುಗಿದಿತ್ತು. ಡೇಟಾ ಕ್ಲೀನ್ ಮಾಡುವ ಜವಾಬ್ದಾರಿ ನನ್ನದು. ಎಕ್ಸೆಲ್ ಶೀಟಿನಲ್ಲಿ ಎರಡು ಕಾಲಂ ಪಕ್ಕಪಕ್ಕ ಇಟ್ಟೆ, ಹಳೇ ವ್ಯಾಸ ಮತ್ತು ಹೊಸ ವ್ಯಾಸ. ತುಂಬ ಸಾಲುಗಳಲ್ಲಿ ಹೊಸ ವ್ಯಾಸದ ಜಾಗ ಖಾಲಿ. ಕೆಲವು ಸತ್ತ ಮರಗಳು, ಕೆಲವು ಸಿಕ್ಕಿಯೇ ಇಲ್ಲ, ಯಾವುದು ಯಾವುದು ಅಂತ ಯಾರೂ ಸರಿಯಾಗಿ ಬರೆದಿರಲಿಲ್ಲ. ಇನ್ನು ಕೆಲವು ಸಾಲುಗಳಲ್ಲಿ ಮರ ಹಿಂದಿನ ಸಲಕ್ಕಿಂತ ಸಣ್ಣ ಆಗಿತ್ತು. ಮರ ಸಣ್ಣ ಆಗುತ್ತದಾ? ತಪ್ಪು ಅಳತೆ ಅಂದುಕೊಂಡೆ. ಎರಡೂ ಬಗೆಯ ಸಾಲುಗಳನ್ನು ಅಳಿಸಿ ಹಾಕಿದೆ. ಶೀಟು ನೋಡಲು ಚೆನ್ನಾಗಿತ್ತು. ಮರಗಳ ಸಂಖ್ಯೆ ಸ್ವಲ್ಪ ಹೆಚ್ಚಿದೆ, ಬಯೋಮಾಸ್ (ಮರಗಳ ಒಟ್ಟು ಒಣ ತೂಕ) ಹೆಚ್ಚಿದೆ, ಕಾಡು ಚೇತರಿಸಿಕೊಳ್ಳುತ್ತಿದೆ ಅಂತ ವರದಿ ಹೋಯಿತು.

ಎರಡು ವರ್ಷದ ಮೇಲೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಆ ಡೇಟಾ ತೆಗೆದುಕೊಂಡು ಕೂತಳು. ಅರ್ಧ ಗಂಟೆಯಲ್ಲಿ ನನ್ನ ಟೇಬಲ್ ಹತ್ತಿರ ಬಂದು ಕೇಳಿದಳು, "ಮೇಡಂ, ಸತ್ತ ಮರಗಳ ಫೈಲ್ ಬೇರೆ ಇದೆಯಾ?"

ಇರಲಿಲ್ಲ.

ಯಾಕೆ ಇದು ಅಷ್ಟು ದೊಡ್ಡ ವಿಷಯ ಅಂತ ಒಂದು ಲೆಕ್ಕ ಹಾಕಿ ನೋಡಿ. ಒಂದು ಪ್ಲಾಟಿನಲ್ಲಿ 400 ಮರ ಇವೆ ಅಂದುಕೊಳ್ಳಿ. ಐದು ವರ್ಷ ಬಿಟ್ಟು ಎಣಿಸಿದರೆ 420. ಒಂದೂ ಮರ ಸಾಯದೆ 20 ಹೊಸದಾಗಿ ಸೇರಿದರೂ ಉತ್ತರ 420. 150 ಸತ್ತು 170 ಹೊಸದು ಬಂದರೂ ಉತ್ತರ 420. ಮೊದಲನೆಯದು ಹೆಚ್ಚು ಕಡಿಮೆ ನಿಂತಲ್ಲೇ ನಿಂತ ಕಾಡು. ಎರಡನೆಯದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮರ ಬದಲಾಗಿದೆ, ವರ್ಷಕ್ಕೆ ಸುಮಾರು ಶೇ. 9ರಷ್ಟು ಸಾವು. ಹಳೇ ಕಾಡಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 1ರಿಂದ 2ರಷ್ಟು ಮರ ಸಾಯುತ್ತವೆ. (150ನ್ನು 400ರಿಂದ ಭಾಗಿಸಿ ಐದರಿಂದ ಭಾಗಿಸಿದರೆ 7.5 ಬರುತ್ತದೆ, ಅದು ಸರಿಯಲ್ಲ. ಪ್ರತಿ ವರ್ಷ ಉಳಿದ ಮರಗಳ ಮೇಲೆ ಲೆಕ್ಕ ಹಾಕಬೇಕು, ಚಕ್ರಬಡ್ಡಿ ಲೆಕ್ಕ ಹಾಕುವ ಹಾಗೆ, ಆದರೆ ಇಳಿಯುವ ಕಡೆಗೆ.)

ಸೆಕೆಂಡರಿ ಕಾಡಿನ ಕಥೆಯೆಲ್ಲ ಈ ಸಾವಿನಲ್ಲೇ ಇದೆ. ಬಯಲಾದ ಜಾಗಕ್ಕೆ ಮೊದಲು ಬರುವುದು ಬಿಸಿಲು ಬೇಡುವ, ಬೇಗ ಬೆಳೆಯುವ, ಮೆದು ಮರದ ಜಾತಿಗಳು. ಏಷ್ಯಾದಲ್ಲಿ ಮಕರಂಗ, ಆಫ್ರಿಕಾದಲ್ಲಿ ಮುಸಂಗ, ಅಮೆರಿಕ ಖಂಡದಲ್ಲಿ ಸೆಕ್ರೋಪಿಯ. ಇವು ಕೆಲವೇ ವರ್ಷದಲ್ಲಿ ತಲೆಯ ಮೇಲೆ ಚಪ್ಪರ ಹಾಕಿಬಿಡುತ್ತವೆ. ಆದರೆ ಬಾಳಿಕೆ ಕಡಿಮೆ, ಒಂದೆರಡು ದಶಕದಲ್ಲಿ ತುಂಬ ಮರ ಹೋಗುತ್ತವೆ. ಅವುಗಳದೇ ಮರಿಗಳಿಗೆ ಅವುಗಳದೇ ನೆರಳು ಆಗಿಬರುವುದಿಲ್ಲ. ಅಷ್ಟರೊಳಗೆ ನೆರಳು ತಡೆಯುವ ಜಾತಿಗಳ ಬೀಜ ಬಂದು, ಮೊಳೆತು, ಕೆಳಗೆ ಕಾಯುತ್ತಿದ್ದರೆ ಬಿದ್ದ ಮರದ ಜಾಗ ಅವುಗಳಿಗೆ ಸಿಗುತ್ತದೆ. ಆ ಬೀಜ ತರಬೇಕಾದವರು ಹಕ್ಕಿ, ಬಾವಲಿ, ಮಂಗ. ದೊಡ್ಡ ಬೀಜಕ್ಕೆ ದೊಡ್ಡ ಪ್ರಾಣಿಯೇ ಬೇಕು. ಹತ್ತಿರದಲ್ಲಿ ಹಳೇ ಕಾಡಿನ ತುಂಡು ಇಲ್ಲದಿದ್ದರೆ, ಆ ಪ್ರಾಣಿಗಳು ಬೇಟೆಗಾರರ ಕೈಗೆ ಸಿಕ್ಕಿ ಇಲ್ಲವಾಗಿದ್ದರೆ, ಅಥವಾ ಜಾಗಕ್ಕೆ ಪದೇ ಪದೇ ಬೆಂಕಿ ಬಿದ್ದಿದ್ದರೆ, ಮರ ಬಿದ್ದ ಕಡೆ ಬಳ್ಳಿ ಮತ್ತು ಜರೀಗಿಡ ತುಂಬಿಕೊಂಡು ಕಾಡು ಅಲ್ಲೇ ನಿಂತುಬಿಡಬಹುದು. ಮೇಲಿಂದ ನೋಡಿದರೆ ಎರಡೂ ಹಸಿರೇ. ಉಪಗ್ರಹ ಚಿತ್ರದ ಹಸಿರಿನ ಸೂಚ್ಯಂಕ ಎಳೇ ಕಾಡಿನಲ್ಲೇ, ಎಲೆಗಳು ಒಂದಕ್ಕೊಂದು ಕೂಡಿಕೊಂಡ ಕೂಡಲೇ, ತನ್ನ ಮೇಲಿನ ಮಿತಿ ಮುಟ್ಟಿಬಿಡುತ್ತದೆ. ಲಿಡಾರ್, ಅಂದರೆ ಮೇಲಿಂದ ಲೇಸರ್ ಬೆಳಕು ಬಿಟ್ಟು ಅಳೆಯುವ ಸಾಧನ, ಎತ್ತರ ಹೇಳುತ್ತದೆ, ಜಾತಿ ಹೇಳುವುದಿಲ್ಲ. ಯಾರು ಸತ್ತರು, ಅವರ ಜಾಗಕ್ಕೆ ಯಾರು ಬಂದರು ಅಂತ ಹೇಳಬೇಕಾಗಿದ್ದದ್ದು ನಾನು ಅಳಿಸಿದ ಸಾಲುಗಳೇ.

ಪುಣ್ಯಕ್ಕೆ ಮೊದಲ ಗಣತಿಯ ಕಾಗದದ ಶೀಟುಗಳು ಉಳಿದಿದ್ದವು. ಎರಡೂ ಪಟ್ಟಿ ತಾಳೆ ಹಾಕಿ, ಕಾಣೆಯಾದ ಟ್ಯಾಗ್ ನಂಬರುಗಳನ್ನು ತೆಗೆದು, ಮತ್ತೆ ಪ್ಲಾಟಿಗೆ ಹೋದೆವು. ಪ್ರತಿ ಮರ ಎಲ್ಲಿತ್ತು ಅಂತ ನಕ್ಷೆ ಇತ್ತು. ಆ ಜಾಗದಲ್ಲಿ ಮಂಡಿಯೂರಿ ಕೂತು ತರಗೆಲೆ ಸರಿಸಿ ಸರಿಸಿ ಹುಡುಕಿದೆವು. ಗಟ್ಟಿ ಮರವಾದರೆ ಬಿದ್ದ ದಿಮ್ಮಿ ಇನ್ನೂ ಇರುತ್ತದೆ. ಮೆದು ಮರಗಳು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು, ಕೆಲವು ಕಡೆ ಮಣ್ಣಿನಲ್ಲಿ ಮೊಳೆ ಮತ್ತು ಟ್ಯಾಗು ಬಿಟ್ಟರೆ ಏನೂ ಇರಲಿಲ್ಲ. ಸತ್ತಿದೆ ಅನ್ನುವುದು ಗೊತ್ತಾಯಿತು. ಹೇಗೆ ಸತ್ತಿತು? ಬೇರು ಸಮೇತ ಉರುಳಿತಾ, ನಡುವೆ ಮುರಿಯಿತಾ, ನಿಂತಲ್ಲೇ ಒಣಗಿತಾ, ಯಾರಾದರೂ ಕಡಿದರಾ? ಅದು ಹೋಯಿತು, ಮತ್ತೆ ಸಿಗುವುದಿಲ್ಲ. ನಿಂತಲ್ಲೇ ಒಣಗಿದ ಮರಗಳು ಜಾಸ್ತಿ ಇದ್ದರೆ ಬರವೋ ರೋಗವೋ ಅಂತ ಯೋಚಿಸಬೇಕು, ಉರುಳಿದ್ದು ಜಾಸ್ತಿ ಇದ್ದರೆ ಗಾಳಿ. ಪನಾಮಾದ ಬಾರೊ ಕೊಲೊರಾಡೊ ದ್ವೀಪದ 50 ಹೆಕ್ಟೇರ್ ಪ್ಲಾಟು ನೆನಪಾಗುತ್ತದೆ. ಅದು ಹಳೇ ಕಾಡು. 1980ರ ದಶಕದ ಶುರುವಿನಿಂದ ಅಲ್ಲಿ 1 ಸೆಂ.ಮೀ. ದಪ್ಪದ ಗಿಡವನ್ನೂ ಬಿಡದೆ ಎರಡು ಲಕ್ಷಕ್ಕೂ ಜಾಸ್ತಿ ಕಾಂಡಗಳನ್ನು ಗುರುತಿಸಿ, ಸತ್ತದ್ದನ್ನೂ ಬರೆದಿಟ್ಟಿದ್ದಾರೆ. 1983ರ ಎಲ್ ನಿನೊ ಬರದಲ್ಲಿ ಸಾವು ಏರಿತ್ತು ಅಂತ ಇವತ್ತು ಹೇಳಲು ಆಗುವುದು ಅದರಿಂದಲೇ.

ಇನ್ನು ಸಣ್ಣ ಆದ ಮರಗಳ ವಿಷಯ. ಇದು ನನಗೆ ತಡವಾಗಿ ಅರ್ಥವಾಯಿತು. ತೊಗಟೆ ಉದುರಿದರೆ, ಬೇಸಿಗೆಯಲ್ಲಿ ಕಾಂಡದ ನೀರು ಇಳಿದರೆ, ಟೇಪು ಒಂದಿಷ್ಟು ಮೇಲೆ ಕೆಳಗೆ ಆದರೆ ವ್ಯಾಸ ಕಡಿಮೆ ಬರುತ್ತದೆ. ಅದೇ ಟೇಪು ಇನ್ನೊಂದು ಮರದಲ್ಲಿ ಅಷ್ಟೇ ತಪ್ಪಿ ವ್ಯಾಸ ಜಾಸ್ತಿಯೂ ತೋರಿಸಿರುತ್ತದೆ. ಆ ಜಾಸ್ತಿ ನಮ್ಮ ಕಣ್ಣಿಗೆ ತಪ್ಪು ಅಂತ ಕಾಣುವುದೇ ಇಲ್ಲ, ಒಳ್ಳೆ ಬೆಳವಣಿಗೆ ಅಂತ ಕಾಣುತ್ತದೆ. ಕಡಿಮೆಯದನ್ನು ಮಾತ್ರ ಅಳಿಸಿದರೆ ಸರಾಸರಿ ಬೆಳವಣಿಗೆ ಸುಮ್ನೆ ಏರುತ್ತದೆ. ಕಾಡು ಬೆಳೆದದ್ದಕ್ಕಿಂತ ವೇಗವಾಗಿ ನನ್ನ ಶೀಟಿನಲ್ಲಿ ಬೆಳೆದಿತ್ತು.

ಈ ಪಾಠ ಒಂದು ಪ್ಲಾಟಿಗೆ ಮುಗಿಯುವುದಿಲ್ಲ. ಸೆಕೆಂಡರಿ ಕಾಡಿನ ಬಗ್ಗೆ ನಮಗೆ ಗೊತ್ತಿರುವ ತುಂಬ ಸಂಗತಿ ಬಂದಿರುವುದು 5 ವರ್ಷದ ಕಾಡು, 15 ವರ್ಷದ ಕಾಡು, 40 ವರ್ಷದ ಕಾಡುಗಳನ್ನು ಒಂದೇ ಕಾಲದಲ್ಲಿ ಅಳೆದು, ಸಾಲಾಗಿ ಜೋಡಿಸಿ, ಇದೇ ಒಂದು ಕಾಡಿನ ಬಾಳು ಅಂತ ಓದುವುದರಿಂದ. ಅದರಿಂದ ಸಿಕ್ಕಿದ್ದು ಕಡಿಮೆಯಲ್ಲ. ಕಾಡಿನ ವಿಜ್ಞಾನಿ ಲೂರೆನ್ಸ್ ಪೂರ್ಟರ್ ಮತ್ತು ಸಂಗಡಿಗರು 2021ರಲ್ಲಿ ಅಮೆರಿಕ ಖಂಡ ಮತ್ತು ಪಶ್ಚಿಮ ಆಫ್ರಿಕಾದ 77 ಜಾಗಗಳ ಲೆಕ್ಕ ಸೇರಿಸಿ ತೋರಿಸಿದ್ದು ಹೀಗೆ: 20 ವರ್ಷಕ್ಕೆ ಕಾಡಿನ ಗುಣಗಳು ಸರಾಸರಿ ಹಳೇ ಕಾಡಿನ ಶೇ. 78ರಷ್ಟು ತಲುಪುತ್ತವೆ. ಮಣ್ಣು 10 ವರ್ಷದೊಳಗೆ ಸರಿಹೋಗುತ್ತದೆ, ಬಯೋಮಾಸ್ ಮತ್ತು ಜಾತಿಗಳ ಹಂಚಿಕೆಗೆ 120 ವರ್ಷಕ್ಕೂ ಜಾಸ್ತಿ ಬೇಕು. ಇದನ್ನು ಓದಿದಾಗ ನನಗೆ ನಿಜವಾಗಿ ಸಂತೋಷವಾಗಿತ್ತು, ಬಿಟ್ಟರೆ ಸಾಕು ಕಾಡು ಇಷ್ಟು ಮಾಡಿಕೊಳ್ಳುತ್ತದೆ ಅಂತ.

ಆದರೆ ಬಿಡಬೇಕಲ್ಲ. 40 ವರ್ಷದ ಕಾಡು ಅಂತ ಅಳೆಯಲು ಸಿಗುವುದು 40 ವರ್ಷ ಯಾರೂ ಕಡಿಯದೆ ಉಳಿದ ಕಾಡು ಮಾತ್ರ. ದಕ್ಷಿಣ ಕೋಸ್ಟರಿಕಾದಲ್ಲಿ ಹಳೇ ವೈಮಾನಿಕ ಫೋಟೋಗಳನ್ನು ಇಟ್ಟು ನೋಡಿದಾಗ, ಮತ್ತೆ ಬೆಳೆದ ಕಾಡುಗಳಲ್ಲಿ ಅರ್ಧದಷ್ಟು 20 ವರ್ಷದೊಳಗೆ ಮತ್ತೆ ಕಡಿತಕ್ಕೆ ಹೋಗಿದ್ದವು. ಆ ಕಾಡುಗಳು ಯಾವ ಪಟ್ಟಿಗೂ ಬರುವುದಿಲ್ಲ. ನಾನು ಮರದ ಸಾಲು ಅಳಿಸಿದ ಹಾಗೆಯೇ ಇಲ್ಲಿ ಕಾಡಿನ ಸಾಲೇ ಅಳಿದುಹೋಗಿರುತ್ತದೆ. ಪ್ಲಾಟು ಕಡಿದುಹೋಯಿತು ಅಂತ ಫೈಲು ಮುಚ್ಚಿಬಿಡುವ ಅಭ್ಯಾಸ ನಾನು ಹಲವು ಕಡೆ ನೋಡಿದ್ದೇನೆ. ಯಾವ ವರ್ಷ ಕಡಿದರು, ಆಗ ಕಾಡಿಗೆ ಎಷ್ಟು ವಯಸ್ಸು, ಆಮೇಲೆ ಆ ಜಾಗ ಏನಾಯಿತು, ಇಷ್ಟಾದರೂ ಬರೆಯಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಈಗ ನಮ್ಮ ಫೀಲ್ಡ್ ಶೀಟಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ. ನಿಂತು ಸತ್ತಿದೆ, ಮುರಿದಿದೆ, ಉರುಳಿದೆ, ಕಡಿದಿದ್ದಾರೆ, ಸಿಗಲಿಲ್ಲ, ಹೀಗೆ ಒಂದೊಂದಕ್ಕೂ ಕೋಡ್ ಇದೆ. 'ಸಿಗಲಿಲ್ಲ' ಮತ್ತು 'ಸತ್ತಿದೆ' ಬೇರೆ ಬೇರೆ. ಅಳತೆಯ ಜಾಗಕ್ಕೆ ಬಣ್ಣದ ಗೆರೆ ಎಳೆಯುತ್ತೇವೆ, ಟ್ಯಾಗಿನ ಮೊಳೆ ಅದಕ್ಕಿಂತ 30 ಸೆಂ.ಮೀ. ಮೇಲೆ ಹೊಡೆಯುತ್ತೇವೆ, ಯಾಕೆಂದರೆ ಮೊಳೆ ಹೊಡೆದ ಕಡೆ ತೊಗಟೆ ಉಬ್ಬಿ ವ್ಯಾಸ ಕೆಡುತ್ತದೆ. ಹಳೇ ಶೀಟು ಕೈಯಲ್ಲಿಟ್ಟುಕೊಂಡೇ ಅಳೆಯುತ್ತೇವೆ, ಸಣ್ಣ ಆದ ಮರ ಕಂಡರೆ ಅಲ್ಲೇ ನಿಂತು ಇನ್ನೊಮ್ಮೆ ಟೇಪು ಸುತ್ತುತ್ತೇವೆ. ಮತ್ತೆಯೂ ಕಡಿಮೆ ಬಂದರೆ ಕಡಿಮೆ ಅಂತಲೇ ಬರೆಯುತ್ತೇವೆ. ಒಂದು ಪ್ಲಾಟಿಗೆ ಇದರಿಂದ ಅರ್ಧ ದಿನ ಜಾಸ್ತಿ ಹಿಡಿಯುತ್ತದೆ.

ಮೂರನೇ ಗಣತಿಯಲ್ಲಿ, ಆ ಹುಡುಕಾಟದಲ್ಲೂ ಸಿಗದೆ 'ಸಿಗಲಿಲ್ಲ' ಅಂತ ಬರೆದಿದ್ದ ಒಂದು ಮರ ಸಿಕ್ಕಿತು. ಪೂರ್ತಿ ವಾಲಿ, ಬಳ್ಳಿಯೊಳಗೆ ಮುಚ್ಚಿಹೋಗಿ, ವಾಲಿದ ಕಾಂಡದಿಂದ ಮೂರು ಹೊಸ ಕೊಂಬೆ ನೆಟ್ಟಗೆ ಎದ್ದಿದ್ದವು. ತೊಗಟೆ ಟ್ಯಾಗನ್ನು ನುಂಗಿತ್ತು, ಅಂಚು ಮಾತ್ರ ಹೊರಗೆ ಇತ್ತು. ಚಾಕುವಿನಿಂದ ಮೆಲ್ಲಗೆ ಬಿಡಿಸಿ ನಂಬರು ಓದಿದೆವು. ಆ ಹುಡುಗಿಯೇ ಶೀಟಿನಲ್ಲಿ ಅದರ ಹಳೇ ಸಾಲು ಹುಡುಕಿ, ಹೊಸ ವ್ಯಾಸ ಬರೆದಳು.